ಮೈಕ್ ಇಟ್ಟ ಜಾಗ

ತಿಪ್ಪೇಶ ಕೇಳಿದ: "ಮೇಷ್ಟ್ರೇ, ಮನೆಯಲ್ಲಿ ಗಿಟಾರ್ ಆಂಪ್ ರೆಕಾರ್ಡ್ ಮಾಡೋದಕ್ಕೆ, ನಮ್ಮಂಥವರ ಕೈಗೆಟುಕುವ ಬೆಲೆಯಲ್ಲಿ ಯಾವ ಮೈಕ್ ಒಳ್ಳೆಯದು?"

ಜಯಶೀಲ ಮೇಷ್ಟ್ರು ಗಿಟಾರ್ ಕಲಿಸಲು ಶುರು ಮಾಡಿ ಮೂವತ್ತು ವರ್ಷ ದಾಟಿತ್ತು. ಆ ತಿಂಗಳು ಇದೇ ಪ್ರಶ್ನೆ ತಂದವರಲ್ಲಿ ತಿಪ್ಪೇಶ ನಾಲ್ಕನೆಯವನು. ಅವನ ಫೋನಿನಲ್ಲಿ ಹನ್ನೊಂದು ಮೈಕುಗಳ ಪಟ್ಟಿ ಇತ್ತು. ಈಗಿರುವ ಮೈಕು ಕೆಟ್ಟದ್ದು, ಅದರಲ್ಲಿ ಕೇಳುವುದು ತನ್ನ ಗಿಟಾರೇ ಅಲ್ಲ ಎಂದು ಅವನು ದೂರಿದ. ಮೇಷ್ಟ್ರು ಪಟ್ಟಿಯನ್ನು ನೋಡಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಹೆಸರು ಹೇಳಿ ಹೇಳಿ ನನಗೂ ಸಾಕಾಗಿದೆಯಪ್ಪ. ಹೇಳಿದ್ದನ್ನು ಕೊಳ್ತೀರಿ, ಮೂರು ತಿಂಗಳಿಗೆ ಮತ್ತೆ ಅದೇ ಮುಖ ಹೊತ್ತು ಬರ್ತೀರಿ. ಕೂತ್ಕೋ, ಒಂದು ಕತೆ ಹೇಳ್ತೇನೆ" ಎಂದರು. ಹೇಳಿದ ಕತೆ ಇದು.

ಒಬ್ಬ ಗಿಟಾರ್ ವಾದಕನಿದ್ದ. ಹೆಸರು ಬೇಡ, ಹೇಳಿದರೆ ನೀನು ಅದನ್ನೂ ಫೋನಿನಲ್ಲಿ ಹುಡುಕುತ್ತೀಯ. ಇಪ್ಪತ್ತು ವರ್ಷ ಅವನು ಒಂದು ಆರ್ಕೆಸ್ಟ್ರಾದಲ್ಲಿ ನುಡಿಸಿದ. ಮದುವೆ, ಗಣೇಶೋತ್ಸವ, ರಾಜ್ಯೋತ್ಸವ, ಎಲ್ಲಿ ಪೆಂಡಾಲು ಎದ್ದರೂ ಅಲ್ಲಿ ಇವನಿರುತ್ತಿದ್ದ. ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಒಂದು ಕೀಬೋರ್ಡು ಎಂಟು ಜನರ ಕೆಲಸ ಮಾಡುವ ಕಾಲ ಬಂತು. ಆರ್ಕೆಸ್ಟ್ರಾ ಮುಚ್ಚಿತು. ಮುಚ್ಚುವ ದಿನ ಮಾಲೀಕ ಇದ್ದ ಸಾಮಾನನ್ನು ಎಲ್ಲರಿಗೂ ಹಂಚಿದ. ಒಬ್ಬನಿಗೆ ಡ್ರಮ್ಮು ಹೋಯಿತು, ಒಬ್ಬನಿಗೆ ತಬಲಾ. ಇವನ ಪಾಲಿಗೆ ಗಿಟಾರಿನ ಆಂಪ್ ಬಂತು. ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ, ಮುಂದೆ ಬಟ್ಟೆ, ಬಟ್ಟೆಯ ಹಿಂದೆ ಸ್ಪೀಕರು. ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದ.

ಮನೆ ಎಂದರೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲಿಟ್ಟ. ಅದರ ಪಕ್ಕದಲ್ಲಿ ನಿಂತು ನುಡಿಸುತ್ತಿದ್ದ. ಇಪ್ಪತ್ತು ವರ್ಷ ವೇದಿಕೆಯ ಮೇಲೆ ನಿಂತೇ ನುಡಿಸಿದವನು. ಕೂತರೆ ಅವನಿಗೆ ಕೈ ಓಡುತ್ತಿರಲಿಲ್ಲ. ಪೆಟ್ಟಿಗೆಯ ಎದುರಿಗೆ, ನಾಲ್ಕು ಅಡಿ ದೂರದಲ್ಲಿ, ಚಾಪೆಯ ಮೇಲೆ ಅವನ ಹೆಂಡತಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಸೆರಗಿನ ತುದಿಯನ್ನು ಮಂಚದ ಕಾಲಿಗೆ ಬಿಗಿದು, ಎಳೆ ಬಿಡಿಸಿ, ಗಂಟು ಹಾಕುವ ಕೆಲಸ. ಬೆಳಕು ಬೀಳುತ್ತಿದ್ದದ್ದು ಅಲ್ಲೇ, ಮಂಚ ಇದ್ದದ್ದೂ ಅಲ್ಲೇ. ಅವಳಿಗೆ ಕೂರಲು ಬೇರೆ ಜಾಗವಿರಲಿಲ್ಲ.

ಹಗಲೆಲ್ಲ ಅವನು ಒಂದು ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದ. ಸಂಜೆ ಮನೆ ಸೇರುವಾಗ ಸೊಂಟ ಬಿದ್ದುಹೋಗಿರುತ್ತಿತ್ತು. ಕಾಫಿ ಕುಡಿದು ಒಂದು ಗಂಟೆ ನುಡಿಸಿದರೆ ಹೋದ ಜೀವ ಬರುತ್ತಿತ್ತು. ಹೀಗೆ ಆರು ವರ್ಷ ನಡೆಯಿತು. ಅವನಿಗೆ ನಲವತ್ತೆಂಟಾಯಿತು.

ಆ ವರ್ಷ ಅವನಿಗೊಂದು ಫೋನ್ ಬಂತು. ಆರ್ಕೆಸ್ಟ್ರಾ ಕಾಲದ ಪರಿಚಯದ ಒಬ್ಬ ಸಂಗೀತ ನಿರ್ದೇಶಕ. ಈಗ ಸ್ಟುಡಿಯೋಗೆ ಯಾರನ್ನೂ ಕರೆಸುವುದಿಲ್ಲ, ಅವರವರ ಮನೆಯಲ್ಲಿ ನುಡಿಸಿ ಕಳಿಸುತ್ತಾರೆ, ನಿನ್ನ ಕೈ ನನಗೆ ಗೊತ್ತು, ಒಂದು ತುಣುಕು ಕಳಿಸು, ಹಿಡಿಸಿದರೆ ವರ್ಷವಿಡೀ ಕೆಲಸ ಎಂದ. ಇವನು ಅಂಗಡಿಗೆ ಓಡಿದ. ಭಾಷಣಕ್ಕೂ ಹಾಡಿಗೂ ಬಳಸುತ್ತಾರಲ್ಲ, ಅಂಥ ಒಂದು ಸಾಧಾರಣ ಮೈಕ್ ತಂದ. ಸ್ಟ್ಯಾಂಡ್ ಇರಲಿಲ್ಲ. ಒಂದು ಕಾಲುಮಣೆಗೆ ಮೈಕನ್ನು ದಾರದಿಂದ ಕಟ್ಟಿ, ಪೆಟ್ಟಿಗೆಯ ಬಟ್ಟೆಗೆ ತಾಗುವ ಹಾಗೆ, ಸ್ಪೀಕರಿನ ನಟ್ಟನಡುವಿಗೆ ಇಟ್ಟ. ನುಡಿಸಿದ, ಕಳಿಸಿದ. ಸಂತೋಷದ ಭರದಲ್ಲಿ ತಾನೇ ಒಮ್ಮೆ ಕೇಳಿ ನೋಡಲಿಲ್ಲ.

ನಿರ್ದೇಶಕನ ಉತ್ತರ ಮರುದಿನವೇ ಬಂತು. ಕೈ ಅದೇ ಇದೆ, ಆದರೆ ದನಿ ಕಿವಿಗೆ ಚುಚ್ಚುತ್ತದೆ. ಸರಿ ಮಾಡಿಕೊಂಡು ದೀಪಾವಳಿಯೊಳಗೆ ಕಳಿಸು, ಆಮೇಲೆ ನಾನು ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ. ಹಬ್ಬಕ್ಕೆ ಐದು ವಾರವಿತ್ತು. ಇದು ತಪ್ಪಿದರೆ ಸೊಂಟ ಇರುವವರೆಗೂ ಗೋದಾಮೇ ಗತಿ ಎಂದು ಅವನಿಗೆ ಗೊತ್ತಿತ್ತು.

ಆಗ ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಇದು ನನ್ನ ದನಿಯೇ ಅಲ್ಲ ಎಂದ. ನೀನು ಈಗ ಅಂದೆಯಲ್ಲ, ಹಾಗೇ. ಮೈಕಿನದೇ ತಪ್ಪು ಎಂದು ತೀರ್ಮಾನಿಸಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ಮನಸ್ಸಿನಲ್ಲಿ ನಗುತ್ತಿರಬಹುದು. ನಗಬೇಡ. ಇವನಿಗೆ ಕುಣಿಯಲು ಬರುತ್ತಿತ್ತು, ತೊಂದರೆ ಆದದ್ದೇ ಅಲ್ಲಿ. ಕುಣಿಯಲು ಬಾರದವನಿಗೆ ಎಂದಾದರೂ ಒಂದು ದಿನ ತನ್ನ ಕಾಲಿನ ಮೇಲೆ ಅನುಮಾನ ಬರುತ್ತದೆ. ಬಲ್ಲವನಿಗೆ ಅದು ಬರುವುದೇ ಇಲ್ಲ. ಮೂವತ್ತು ವರ್ಷದಿಂದ ನಾನು ನೋಡುತ್ತಿದ್ದೇನೆ.

ಎರಡನೆಯ ಮೈಕನ್ನು ಭಜನಾ ಮಂಡಳಿಯವರಿಂದ ಕೇಳಿ ತಂದ. ಅದೇ ಕಾಲುಮಣೆ, ಅದೇ ದಾರ, ಅದೇ ಜಾಗ. ಅದೇ ಮೊಳೆಯ ದನಿ. ಒಂದು ವಾರ ಹೋಯಿತು. ಆಮೇಲೆ ಕಂಡವರನ್ನೆಲ್ಲ ಕೇಳಿದ. ಅಂಗಡಿಯವನು ಒಂದು ಹೆಸರು ಹೇಳಿದ. ಹಳೆಯ ಕೀಬೋರ್ಡಿನವನು ಇನ್ನೊಂದು ಹೇಳಿದ. ಫೋನಿನಲ್ಲಿ ಮಾತಾಡುವ ಪಂಡಿತರು ಹತ್ತು ಹೇಳಿದರು. ಗೋದಾಮಿನಲ್ಲಿ ಪಾರ್ಸೆಲ್ ಎತ್ತುವಾಗಲೂ ಅವನ ತಲೆಯಲ್ಲಿ ಮೈಕುಗಳೇ ಸುತ್ತುತ್ತಿದ್ದವು. ಕಡೆಗೆ ಹಬ್ಬಕ್ಕೆಂದು ಇಟ್ಟಿದ್ದ ದುಡ್ಡು ತೆಗೆದು ಮೂರನೆಯದನ್ನು ತಂದ. ಅದು ಬಲು ಸೂಕ್ಷ್ಮದ ಮೈಕು. ಪಕ್ಕದ ಮನೆಯ ಧಾರಾವಾಹಿ, ಹಿಂದಿನ ಬೀದಿಯ ಕುಕ್ಕರು, ಹೆಂಡತಿಯ ಕತ್ತರಿ, ಎಲ್ಲ ಅದರಲ್ಲಿ ಬಿತ್ತು. ಗಿಟಾರ್ ಮಾತ್ರ ಹಿಂದಿಗಿಂತ ಹೆಚ್ಚು ಚುಚ್ಚಿತು.

ಅವನು ಕಿಟಕಿಗೆ ಕಂಬಳಿ ಕಟ್ಟಿದ. ಪಕ್ಕದ ಮನೆಯವರ ಹತ್ತಿರ ಕೈ ಮುಗಿದು ಟಿವಿ ಸಣ್ಣದು ಮಾಡಿಸಿದ. ಹೆಂಡತಿಗೆ ಕತ್ತರಿ ಕೆಳಗಿಡು ಎಂದ. ಅವಳು ಇಟ್ಟಳು. ಸೀರೆ ಮಂಚಕ್ಕೆ ಬಿಗಿದೇ ಇತ್ತು, ಬಿಚ್ಚಿದರೆ ಎಳೆ ಸಿಕ್ಕಾಗುತ್ತದೆ. ಹಾಗಾಗಿ ಅವಳು ಅಲ್ಲೇ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು. ಹಬ್ಬದ ಮುಂದೆ ಅವಳಿಗೆ ಮೈತುಂಬ ಕೆಲಸ. ನಿಂತ ಕೆಲಸವನ್ನು ಮರುದಿನ ಬೆಳಗ್ಗೆ ಬೇಗ ಎದ್ದು ಮುಗಿಸುತ್ತಿದ್ದಳು. ಅವಳೂ ದಣಿದಿದ್ದಳು, ಅವನೂ ದಣಿದಿದ್ದ. ಮನೆಯಲ್ಲಿ ಮಾತು ಕಡಿಮೆಯಾಯಿತು.

ಹಬ್ಬಕ್ಕೆ ನಾಲ್ಕು ದಿನ ಉಳಿಯಿತು. ಅವತ್ತು ಸಂಜೆ ಮೈಕಿನ ತಂತಿ ಸಡಿಲವಾಯಿತು. ದನಿ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ನುಡಿಸುತ್ತಲೇ ಅದನ್ನು ಸರಿ ಮಾಡುವುದು ಒಬ್ಬನ ಕೈಲಿ ಆಗುವ ಕೆಲಸವಲ್ಲ. ಅವನು ಗಿಟಾರನ್ನು ತಂದು ಹೆಂಡತಿಯ ಮಡಿಲಲ್ಲಿಟ್ಟ. ಸುಮ್ಮನೆ ತಂತಿ ಮೀಟುತ್ತಿರು, ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿ ತೋರಿಸಿದ. ಆಮೇಲೆ ಪೆಟ್ಟಿಗೆಯ ಮುಂದೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ಮೈಕಿನ ಬುಡ ಹಿಡಿದ. ಅವನ ಮುಖ ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿತ್ತು.

ಅವಳು ಮೀಟಿದಳು. ಅವನು ಬೆಚ್ಚಿ ತಲೆ ಹಿಂದೆಳೆದುಕೊಂಡ. ಅದೇ ಮೊಳೆಯ ದನಿ. ಹೆಡ್‌ಫೋನಿನಲ್ಲಿ ಅಲ್ಲ, ತನ್ನ ಸ್ವಂತ ಕಿವಿಯಲ್ಲಿ.

ನೋಡಪ್ಪ, ಇದರಲ್ಲಿ ಮಾಯೆ ಮಂತ್ರ ಏನೂ ಇಲ್ಲ. ಸ್ಪೀಕರಿನ ನಡುವಿನಿಂದ ಬರುವ ಚೂಪು ದನಿ ನೇರ ಮುಂದಕ್ಕೆ ಹೋಗುತ್ತದೆ, ಮೇಲಕ್ಕೆ ಏಳುವುದಿಲ್ಲ. ಪೆಟ್ಟಿಗೆ ನೆಲದ ಮೇಲೆ, ಇವನ ಕಿವಿ ಐದೂವರೆ ಅಡಿ ಮೇಲೆ. ಇವನಿಗೆ ದನಿ ಮಂಕಾಗಿ ಕೇಳುತ್ತಿತ್ತು, ಅದಕ್ಕೆ ಚೂಪು ದನಿ ಏರಿಸುವ ಟ್ರೆಬಲ್ ನಾಬನ್ನು ತಿರುಗಿಸಿ ತಿರುಗಿಸಿ ಕೊನೆಗೆ ಮುಟ್ಟಿಸಿದ್ದ. ಮೇಲೆ ನಿಂತವನಿಗೆ ಅದು ಹಿತವಾಗಿತ್ತು. ಎದುರಿಗಿದ್ದವರಿಗೆ ಏನಾಗಿತ್ತು ಎಂದು ಅವನು ಬಗ್ಗಿ ಕೇಳಿದವನೇ ಅಲ್ಲ. ಮೂರು ಮೈಕುಗಳೂ ಕಂಡದ್ದನ್ನು ಕಂಡ ಹಾಗೆ ಹೇಳಿದ್ದವು.

ಅವನು ಎದ್ದು ಕೂತು ಹೆಂಡತಿಯ ಕಡೆ ನೋಡಿದ. ಇದು ಯಾವಾಗಲೂ ಹೀಗೇ ಕೇಳುತ್ತದಾ ಎಂದ. ಅವಳಿಗೆ ಕೇಳಲಿಲ್ಲ. ಕೂದಲು ಸರಿಸಿ, ಬಲಗಿವಿಯಿಂದ ಹತ್ತಿಯ ಉಂಡೆಯೊಂದನ್ನು ತೆಗೆದು, ಏನಂದಿರಿ ಎಂದು ಕೇಳಿದಳು. ಅವನು ಆ ಹತ್ತಿಯನ್ನು ನೋಡುತ್ತ ಮತ್ತೆ ಅದನ್ನೇ ಕೇಳಿದ. ಹೂಂ, ಈ ಪೆಟ್ಟಿಗೆ ಮನೆಗೆ ಬಂದಾಗಿನಿಂದ ಹೀಗೇ ಎಂದಳು.

"ಮತ್ತೆ ಯಾಕೆ ಹೇಳಲಿಲ್ಲ?"

"ದಣಿದು ಬರ್ತೀರಿ. ದಿನಕ್ಕೆ ಅದೊಂದು ಗಂಟೆ ನಿಮ್ಮ ಮುಖ ನೆಟ್ಟಗಿರುತ್ತೆ. ಅದನ್ನೂ ಕಿತ್ಕೊಳ್ಳಲಾ?"

ಅವನಿಗೆ ಅಳು ಬಂತು. ಸಂಜೆ ಹೊತ್ತು ಕರೆದರೆ ಓಗೊಡುವುದಿಲ್ಲ ಎಂದು ಅವಳನ್ನು ಎಷ್ಟು ಸಲ ಬೈದಿದ್ದನೋ. ಅವಳ ತಲೆ ಅಲ್ಲಾಡುವುದನ್ನು ನೋಡಿ, ತನ್ನ ವಾದನಕ್ಕೆ ತಲೆದೂಗುತ್ತಾಳೆ ಎಂದುಕೊಂಡಿದ್ದ. ಅವಳು ಗಂಟು ಎಣಿಸುತ್ತಿದ್ದಳು. ಆರು ವರ್ಷ, ದಿನಕ್ಕೊಂದು ಗಂಟೆ. ಅವನು ನಾಚಿ ಅವಳ ಮಡಿಲಿನಿಂದ ಗಿಟಾರನ್ನು ಎತ್ತಿಕೊಂಡ. ಅವಳೇ ಎದ್ದು ಹೋಗಿ ಕಾಫಿ ಮಾಡಿ ತಂದಳು.

ಮರುದಿನ ಅವನು ಪೆಟ್ಟಿಗೆಯನ್ನು ಎತ್ತಿ ಎರಡು ಸ್ಟೂಲುಗಳ ಮೇಲಿಟ್ಟ, ತನ್ನ ಎದೆಮಟ್ಟಕ್ಕೆ. ಹೆಂಡತಿಯನ್ನು ಅದರ ಎದುರಿಗೆ ನಿಲ್ಲಿಸಿದ. ಹತ್ತಿ ತೆಗೆದುಬಿಡು ಎಂದ. ಅವಳು ಹೇಳಿದ ಹಾಗೆ ನಾಬು ತಿರುಗಿಸುತ್ತ ಬಂದ. ಇನ್ನೂ ಚುಚ್ಚುತ್ತೆ ಎಂದಳು, ಇಳಿಸಿದ. ಈಗ ಮಂಕಾಯಿತು ಎಂದಳು, ಕೂದಲೆಳೆಯಷ್ಟು ಏರಿಸಿದ. ಗಿಟಾರಿನ ಓನಾಮ ಗೊತ್ತಿಲ್ಲದ ಹೆಂಗಸು, ಆದರೆ ಆ ಪೆಟ್ಟಿಗೆಯನ್ನು ಅವಳಷ್ಟು ಬಲ್ಲವರು ಲೋಕದಲ್ಲಿ ಇರಲಿಲ್ಲ. ಸಾಕು, ಇಲ್ಲೇ ಬಿಡಿ ಎಂದಾಗ ಬಿಟ್ಟ. ಮೊದಲು ತಂದ ಆ ಸಾಧಾರಣ ಮೈಕನ್ನೇ ತೆಗೆದುಕೊಂಡು, ನಟ್ಟನಡುವಿನಿಂದ ಮೂರು ಬೆರಳು ಪಕ್ಕಕ್ಕೆ ಇಟ್ಟ. ಅವಳು ಹೋಗಿ ಚಾಪೆಯ ಮೇಲೆ ಕೂತಳು. ಕತ್ತರಿ ಆಡಿಸು, ಪರವಾಗಿಲ್ಲ ಎಂದು ಹೇಳಿ ಅವನು ನುಡಿಸಿದ.

ಹಬ್ಬಕ್ಕೆ ಎರಡು ದಿನ ಇರುವಾಗ ಅದನ್ನು ಕಳಿಸಿದ. ನಿರ್ದೇಶಕ ಫೋನ್ ಮಾಡಿದ. ಇದು ನೀನು, ಇದು ಬೇಕಾಗಿತ್ತು ನನಗೆ, ಅದೇನು ಅಂಥ ದುಬಾರಿ ಮೈಕ್ ತಗೊಂಡೆ ಎಂದು ಕೇಳಿದ. ಆಮೇಲೆ ಇವನು ಗೋದಾಮು ಬಿಟ್ಟ. ಈಗಲೂ ಮನೆಯಲ್ಲಿ ನುಡಿಸಿ ಕಳಿಸುವುದರಲ್ಲೇ ಹೊಟ್ಟೆ ಹೊರೆಯುತ್ತಿದ್ದಾನೆ.

ಮೇಷ್ಟ್ರು ಕತೆ ಮುಗಿಸಿದರು. ಮಾತಾಡಿ ಅವರಿಗೆ ಬಾಯಿ ಒಣಗಿತ್ತು. ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದರು.

ತಿಪ್ಪೇಶ ಫೋನ್ ತೆಗೆದ. "ಹಾಗಾದರೆ ಮೇಷ್ಟ್ರೇ, ಆ ಮೊದಲನೆಯ ಮೈಕ್ ಯಾವ ಕಂಪನಿಯದು?"

ಮೇಷ್ಟ್ರು ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. ಸಿಟ್ಟು ಮಾಡುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಮೆಲ್ಲಗೆ ಕೇಳಿದರು.

"ನೀನು ನುಡಿಸುವಾಗ ನಿಮ್ಮ ಮನೆಯಲ್ಲಿ ಎದುರಿಗೆ ಯಾರು ಕೂತಿರ್ತಾರೆ, ತಿಪ್ಪೇಶ?"