ನಾಲ್ಕು ಚುಕ್ಕೆಯ ಅಮೀಬಾ

"ಗುರುಗಳೇ, ಕರುಳಿನಲ್ಲಿರುವ ಈ ಎರಡು ಅಮೀಬಾಗಳನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅದೇ ಗುಂಡು ಕೋಶ, ಒಳಗೆ ಅದೇ ನಾಲ್ಕು ಚುಕ್ಕೆ. ಕಣ್ಣಿಗೆ ಕಾಣದ ಭೇದಕ್ಕೆ ಎರಡು ಹೆಸರೇಕೆ?" ಎಂದು ಶಿಷ್ಯೆ ಕೇಳಿದಳು.

"ಹೆಸರಿಟ್ಟವರಿಗೆ ಬೇರೆ ಕೆಲಸವಿರಲಿಲ್ಲ ಎಂದುಕೊಂಡೆಯಾ? ಕೇಳು" ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಮಲಪರೀಕ್ಷೆ ಅವನ ಕೆಲಸ. ಎಂಟು ಚುಕ್ಕೆಯ ಅಮೀಬಾ ಕಂಡರೆ ಸಾಧು ಎಂದು ಬಿಡುತ್ತಿದ್ದ. ನಾಲ್ಕು ಚುಕ್ಕೆಯದು ಕಂಡರೆ ರೋಗದ್ದು ಎಂದು ಬರೆಯುತ್ತಿದ್ದ. ಆಗ ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. ಎಣಿಕೆಯಲ್ಲಿ ಅವನು ಒಮ್ಮೆಯೂ ತಪ್ಪಲಿಲ್ಲ. ಆ ಜಂಬವೂ ಅವನಿಗೆ ಸಾಕಷ್ಟಿತ್ತು.

ಅದೇ ಊರಿನ ವಿದ್ಯಾರ್ಥಿನಿಲಯದ ಮಕ್ಕಳಿಗೆ ಆಮಶಂಕೆ ಬಂತು. ರಕ್ತ ಬೀಳುವ ಭೇದಿ. ಅಡುಗೆಮನೆಯವರನ್ನೆಲ್ಲ ಪರೀಕ್ಷೆಗೆ ಕಳಿಸಿದರು. ಹದಿನೆಂಟು ವರ್ಷದಿಂದ ಅಲ್ಲಿ ಸಾರು ಕುದಿಸುತ್ತಿದ್ದ ಅಡುಗೆಯಾಕೆಯ ಹೊಟ್ಟೆಯಲ್ಲಿ ನಾಲ್ಕು ಚುಕ್ಕೆಯದು ಸಿಕ್ಕಿತು. ಪರೀಕ್ಷಕ ಚೀಟಿಯಲ್ಲಿ 'ಆಮಶಂಕೆಯ ಅಮೀಬಾ ಇದೆ' ಎಂದು ಬರೆದ. ಅಂದೇ ಆಕೆಯ ಕೈಯಿಂದ ಸೌಟು ಹೋಯಿತು.

ಆಕೆ ಅವನ ಬಾಗಿಲಿಗೆ ಬಂದಳು. "ಸ್ವಾಮಿ, ನಂಗೆ ಒಂದಿನಾನೂ ಹೊಟ್ಟೆ ನೋವು ಬಂದಿಲ್ಲ. ಇನ್ನೊಂದು ಸಲ ನೋಡಿ."

"ಎಷ್ಟು ಸಲ ನೋಡಿದರೂ ಅಷ್ಟೇ ತಾಯಿ. ಅದರ ಕುಲವೇ ಅಂಥದ್ದು."

"ಕುಲ ನೋಡಿದ್ರಿ, ನಡತೆ ನೋಡಿದ್ರಾ?" ಎಂದಳು ಆಕೆ. ಅವನಿಗೆ ನಗು ಬಂತು. ಅಮೀಬಾಕ್ಕೆ ಎಲ್ಲಿಯ ನಡತೆ?

ಆಕೆ ಕೆಲಸ ಬಿಟ್ಟು ಹೋದ ಮೇಲೂ ಮಕ್ಕಳು ಕಾಯಿಲೆ ಬೀಳುತ್ತಲೇ ಇದ್ದರು. ಕೊನೆಗೆ ನೋಡಿದರೆ ಪಾಯಿಖಾನೆಯ ಗುಂಡಿ ಬಾವಿಗೆ ಜಿನುಗುತ್ತಿತ್ತು. ಬಾವಿ ಮುಚ್ಚಿದರು, ಕಾಯಿಲೆ ನಿಂತಿತು. ಆದರೆ ಚೀಟಿಯನ್ನು ಯಾರೂ ಹರಿಯಲಿಲ್ಲ.

ವರ್ಷಗಳ ನಂತರ ಪುಸ್ತಕ ಬದಲಾಯಿತು. ನಾಲ್ಕು ಚುಕ್ಕೆಯದು ಒಂದಲ್ಲ, ಎರಡು ಎಂದು ಪಂಡಿತರು ಬೇರೆ ಮಾಡಿದರು. ಒಂದು ಕರುಳನ್ನು ಕೊರೆದು ರಕ್ತಕಣ ನುಂಗುತ್ತದೆ. ಇನ್ನೊಂದು ಬಾಡಿಗೆಯವರ ಹಾಗೆ ಸುಮ್ಮನೆ ಇದ್ದು ಹೋಗುತ್ತದೆ. ರೂಪ ಒಂದೇ, ನಡತೆ ಬೇರೆ. ಅದನ್ನು ಓದಿದ ದಿನ ಪರೀಕ್ಷಕನಿಗೆ ಆ ಅಡುಗೆಯಾಕೆ ನೆನಪಾದಳು. ಆಕೆಯ ಮನೆ ಹುಡುಕಿಕೊಂಡು ಹೋದ.

ಆಕೆ ಮುದುಕಿಯಾಗಿದ್ದಳು. ಆ ಚೀಟಿಯ ಸುದ್ದಿ ಊರೆಲ್ಲ ಹಬ್ಬಿ, ಮಗಳ ಮದುವೆಯಲ್ಲೂ ಆಕೆಯನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ನಿಮ್ಮದು ಸಾಧು ಅಮೀಬಾವೇ ಇದ್ದೀತು, ಆಗ ನನಗೆ ಗೊತ್ತಿರಲಿಲ್ಲ ಎಂದ. ಆಕೆ ಬೈಯಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡಳು.

"ಹಂಗಾದ್ರೆ ಈಗ ನಾನು ಬಡಿಸಿದ್ರೆ ಉಣ್ತೀರಾ?" ಎಂದಳು.

ಅವನು ಉಂಡ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಇನ್ನೊಂದು ಸಲ ಹಾಕಿಸಿಕೊಂಡ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: "ಪುಸ್ತಕದಲ್ಲೇ ಇಲ್ಲದ್ದನ್ನು ಆತ ಹೇಗೆ ಬರೆಯಬೇಕಿತ್ತು ಗುರುಗಳೇ?"

"ಆಮಶಂಕೆ ಎಂಬ ಹೆಸರಿನಲ್ಲೇ ಶಂಕೆ ಇತ್ತು ಮಗಳೇ, ಬರೆಯುವಾಗ ನನ್ನಲ್ಲಿ ಇರಲಿಲ್ಲ."