ಬೋರಜ್ಜ ಅರ್ಧಕ್ಕೆ ಬಿಟ್ಟ ಹೊಲ

ಒಂದು ಕಾಡಿನಲ್ಲಿ ಬೋರಜ್ಜ ಎಂಬ ಮುಳ್ಳುಹಂದಿ ರಾಗಿ ಬೆಳೆಯುತ್ತಿದ್ದ. ಮುಳ್ಳುಹಂದಿಗೆ ಬೇಸಾಯ ಎಲ್ಲಿಂದ ಬಂತು ಎಂದು ಕೇಳಬೇಡಿ. ಬಂದಿತ್ತು, ಅಷ್ಟೇ. ಹೆಂಡತಿ ಲಕ್ಕಜ್ಜಿ, ಒಂಬತ್ತು ಮಕ್ಕಳು, ಕೈಗೆ ಕಾಲಿಗೆ ಸಿಗುವಷ್ಟು ಮೊಮ್ಮಕ್ಕಳು. ಇಷ್ಟು ದೊಡ್ಡ ಸಂಸಾರವನ್ನು ಅವನು ಆ ಒಂದೇ ಹೊಲದಿಂದ ಸಾಕಿದ. ಬೆಳಿಗ್ಗೆ ಎದ್ದವನೇ ಹೊಲಕ್ಕೆ ಹೋಗಿ ಪೈರಿನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. "ಏನೇ, ನಿನ್ನೆ ಎಷ್ಟಿದ್ದೆಯೋ ಇವತ್ತೂ ಅಷ್ಟೇ ಇದ್ದೀಯಲ್ಲ!" ಹೆದರಿಕೆಗೋ ಏನೋ, ಪೈರು ವರ್ಷವರ್ಷವೂ ಚೆನ್ನಾಗಿಯೇ ಬರುತ್ತಿತ್ತು.

ಹೀಗೇ ಬಾಳಿ ಬದುಕಿ ಹಣ್ಣಾದ ಬೋರಜ್ಜ ಒಂದು ದಿನ ಅರ್ಧ ಹೊಲದ ಕಳೆ ಕಿತ್ತ. ಸುಧಾರಿಸಿಕೊಳ್ಳೋಣವೆಂದು ಬದುವಿನ ಮೇಲೆ ಮಲಗಿದ. ಮತ್ತೆ ಏಳಲಿಲ್ಲ. ತುಂಬು ಬಾಳು, ನೋವಿಲ್ಲದ ಸಾವು ಎಂದು ಎಲ್ಲರೂ ಸಮಾಧಾನ ಹೇಳಿದರು. ಲಕ್ಕಜ್ಜಿ ಮಾತ್ರ, "ಇನ್ನು ನಾನು ಯಾರ ಮೇಲೆ ರೇಗಲಿ?" ಎಂದು ಅತ್ತಳು.

ಹನ್ನೊಂದನೇ ದಿನ ಕಾಡಿನವರೆಲ್ಲ ಅಜ್ಜನನ್ನು ನೆನೆಯಲು ಹೊಲದ ಬಳಿ ಸೇರಿದರು. ಆ ಕಾಡಿನಲ್ಲಿ ಎರಡು ಪದ್ಧತಿಗಳಿದ್ದವು. ಸತ್ತ ಹಿರಿಯರ ಕೊನೆಯ ಮಾತನ್ನು ಯಾರೂ ಮೀರುವಂತಿಲ್ಲ. ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮಕ್ಕಳಾದವರು ಹನ್ನೊಂದನೇ ದಿನವೇ ಮುಗಿಸಬೇಕು, ಆಮೇಲೆಯೇ ಊಟ.

ಮೊದಲು ಆಮೆ ಎದ್ದಿತು. "ಒಂದ್ಸಲ ನಾನು ಸಾಲಿನಲ್ಲಿ ಅಂಗಾತ ಬಿದ್ದಿದ್ದೆ. ಅಜ್ಜ ಎತ್ತಿ ನಿಲ್ಲಿಸಿ, 'ನೋಡ್ಕೊಂಡು ನಡಿಯೋದಲ್ವಾ, ರಾಗಿ ಎಲ್ಲಾ ನುಗ್ಗಾಯ್ತು' ಅಂತ ಬೈದ್ರು. ಬೈದು, ನನ್ನನ್ನ ಮನೆ ತನಕ ಬಿಟ್ಟು ಬಂದ್ರು."

ಎಲ್ಲರೂ ನಕ್ಕರು. ಅಷ್ಟರಲ್ಲಿ ನರಿಯೊಂದು ಗೊಳೋ ಎಂದು ಅಳುತ್ತ ಬಂದಿತು.

"ಅಜ್ಜೀ! ನಾನು ಅನಾಥನಾದೆ! ಅಜ್ಜ ನನ್ನನ್ನ ಮಗಾ ಅಂತಲೇ ಕರೀತಿದ್ರು. ಸಾಯೋ ಹಿಂದಿನ ದಿನ ಹಳ್ಳದ ಹತ್ರ ಸಿಕ್ಕಿ, 'ಮಗಾ, ಅರ್ಧ ಹೊಲ ನಿಂದು' ಅಂದ್ರು. ಹೊಲದ ವಿಷಯದಲ್ಲಿ ಅದೇ ಅವರ ಕೊನೇ ಮಾತು!"

ಲಕ್ಕಜ್ಜಿ ಲೆಕ್ಕ ಹಾಕಿದಳು. ಅರ್ಧ ಹೊಲ ಹೋದರೆ ಅರ್ಧ ಸಂಸಾರಕ್ಕೆ ಉಪವಾಸವೇ ಗತಿ. ರಾತ್ರಿ ಬಿದ್ದ ಕನಸನ್ನೂ ಬೆಳಿಗ್ಗೆ ಬಂದು ಹೇಳುತ್ತಿದ್ದ ಗಂಡ ಇಷ್ಟು ದೊಡ್ಡ ಮಾತನ್ನು ತನಗೆ ಹೇಳದೆ ಇರುತ್ತಾನೆಯೇ? ಆದರೆ ಸುಳ್ಳೆಂದು ತೋರಿಸುವುದು ಹೇಗೆ? ಸತ್ತವನನ್ನು ಎಬ್ಬಿಸಿ ಕೇಳುವಂತಿಲ್ಲವಲ್ಲ. ಅವಳು ಕಳೆ ಉಳಿದಿದ್ದ ಅರ್ಧ ಹೊಲದ ಕಡೆ ನೋಡಿದಳು.

"ಆಗಲಪ್ಪ," ಎಂದಳು. "ಅವರು ಮಗ ಅಂದಮೇಲೆ ನೀನು ನಮಗೂ ಮಗನೇ. ಉಳಿದ ಕಳೆ ಕೀಳು ಬಾ. ಆಮೇಲೆ ಪಾಲಿನ ಮಾತಾಡೋಣ."

"ಅದೇನು ಮಹಾ! ಅಜ್ಜನ ಜೊತೆ ಹತ್ತು ವರ್ಷ ಕಳೆ ಕಿತ್ತಿದೀನಿ," ಎಂದು ನರಿ ಹೊಲಕ್ಕೆ ಇಳಿಯಿತು.

ರಾಗಿ ಹೊಲದಲ್ಲಿ ಬೆಳೆಯುವ ಒಂದು ಕಳೆ ಇದೆ. ನೋಡಲು ಥೇಟ್ ರಾಗಿ ಪೈರೇ. ಬುಡ ನೋಡಬೇಕು, ಬೆಳ್ಳಗೆ ಚಪ್ಪಟೆಯಾಗಿದ್ದರೆ ಕಳೆ. ಬೋರಜ್ಜನ ಮನೆಯಲ್ಲಿ ಹಲ್ಲು ಮೂಡದ ಕೂಸಿಗೂ ಇದು ಗೊತ್ತಿತ್ತು. ನರಿ ಬುಡ ನೋಡಲಿಲ್ಲ. ಸೊಂಪಾಗಿ ಹಬ್ಬಿದ್ದೆಲ್ಲ ರಾಗಿ, ಸಣ್ಣಗಿರುವುದೆಲ್ಲ ಕಳೆ ಎಂದುಕೊಂಡು ಸರಸರನೆ ಕಿತ್ತು, ಒಂದು ದೊಡ್ಡ ಹಿಡಿ ತಂದು ಅಜ್ಜಿಯ ಮುಂದೆ ಹಾಕಿತು.

ಹಿಡಿಯ ತುಂಬ ರಾಗಿ ಪೈರು. ಒಂದೇ ಒಂದು ಕಳೆಯೂ ಇರಲಿಲ್ಲ.

ಲಕ್ಕಜ್ಜಿಗೆ ನಗು ತಡೆಯಲಾಗಲಿಲ್ಲ. ಹನ್ನೊಂದು ದಿನಗಳ ಮೇಲೆ ಬಂದ ನಗು. ಮೈಮೇಲಿನ ಮುಳ್ಳೆಲ್ಲ ಗಲಗಲ ಎಂದವು. "ಹತ್ತು ವರ್ಷ ಹಿಂಗೇ ಕಿತ್ತಿದ್ರೆ ನಾವೆಲ್ಲ ಏನು ತಿಂದು ಬದುಕಿದ್ವಪ್ಪಾ?"

"ಅಜ್ಜ... ಹೀಗೇ ಹೇಳಿಕೊಟ್ಟಿದ್ರು," ಎಂದು ನರಿ ತೊದಲಿತು.

"ನಮ್ಮ ಯಜಮಾನರ ಮೇಲೆ ಏನು ಬೇಕಾದ್ರೂ ಹೇಳು, ಕಳೆ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ!" ಎಂದಳು ಅಜ್ಜಿ. ನೆರೆದವರಲ್ಲಿದ್ದ ಕರಡಿಯೊಂದು ನರಿಯ ಕಿವಿ ಹಿಡಿಯಿತು. ಕಿತ್ತ ಒಂದೊಂದು ಪೈರನ್ನೂ ನರಿಯೇ ಮತ್ತೆ ನೆಟ್ಟು, ಹಳ್ಳದಿಂದ ನೀರು ಹೊತ್ತು ತಂದು ಹಾಕಬೇಕಾಯಿತು. ಮಕ್ಕಳು ಮೊಮ್ಮಕ್ಕಳು ಉಳಿದ ಕಳೆ ಕಿತ್ತು ಮುಗಿಸಿದರು. ನರಿ ಮೂತಿಯವರೆಗೂ ಕೆಸರಾಗಿ ಬದುವಿನ ಮೇಲೆ ಕುಸಿದು ಕೂತಿತು.

"ಈಗ ನಿಜ ಹೇಳು," ಎಂದಳು ಲಕ್ಕಜ್ಜಿ. "ನಮ್ಮವರು ಯಾವತ್ತಾದರೂ ನಿನ್ನ ಜೊತೆ ಮಾತಾಡಿದ್ರಾ?"

ನರಿ ತಲೆ ತಗ್ಗಿಸಿತು. "ಒಂದೇ ಸಲ, ಅಜ್ಜಿ. ಹೋದ ವರ್ಷ ತೆನೆ ಕದಿಯೋಕೆ ಬಂದು ಸಿಕ್ಕಿಬಿದ್ದಿದ್ದೆ. 'ಲೋ ಮಂಕೇ, ಇನ್ನೂ ಬಲಿಯದ ಹಾಲುಗಾಳು, ಹೊಟ್ಟೆ ನೋವು ಬರುತ್ತೆ. ಹದಿನೈದು ದಿನ ಬಿಟ್ಟು ಬಾ, ನಾನೇ ಕೊಡ್ತೀನಿ' ಅಂದ್ರು. ನಾಚಿಕೆಯಾಗಿ ನಾನು ಬರಲೇ ಇಲ್ಲ."

ಲಕ್ಕಜ್ಜಿಗೆ ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು. "ಇದು ಅವರದೇ ಮಾತು," ಎಂದಳು. "ಇದನ್ನೇ ಮೊದಲು ಹೇಳಿದ್ರೆ ಕೂರಿಸಿ ಮುದ್ದೆ ಹಾಕ್ತಿದ್ದೆ. ಏಳು, ಕೈ ತೊಳ್ಕೊಂಡು ಬಾ."

ನೀತಿ: ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಿದರೆ, ಅವರ ಜೊತೆ ಬಾಳಿದವರ ಮುಂದೆ ಅದು ನಿಲ್ಲುವುದಿಲ್ಲ.