ಕೂಳಿ ಕಾಯ್ದ ಮೊಲ

ಒಳಗಿರೋದು ಕೂಗಿದರೆ ಹೊರಗಿರೋದರ ತಲೆ ಹೋಗುತ್ತೆ, ಕೂಗದಿದ್ದರೆ ಮಕ್ಕಳು ಹೋಗ್ತವೆ. ಏನದು? ತಲೆ ಕೆರ್ಕೋಬೇಡಿ, ನಮ್ಮ ಮೇಷ್ಟ್ರಿಗೇ ಬರಲಿಲ್ಲ.

ನೆರೆಯಲ್ಲಿ ಮನೆ ಕಳಕೊಂಡ ಇಲಿ, ಮೊಲಗಳೆಲ್ಲ ದಿಬ್ಬ ಹತ್ತಿದ್ದವು. ದಿಬ್ಬ ನನ್ನದು ಅಂತ ನರಿ ಅವನ್ನು ಮತ್ತೆ ಹೊಳೆದಂಡೆಗೆ ಅಟ್ಟಿತು. "ನೀರೇ ಇಳಿದಿಲ್ಲ, ಇವರೆಲ್ಲಿಗೆ ಹೋಗಬೇಕು?" ಎಂದು ಕೂಗಿದ ಟಿಟ್ಟಿಭ ಹಕ್ಕಿಯನ್ನು ಮೀನು ಹಿಡಿಯೋ ಬಿದಿರಿನ ಕೂಳಿಗೆ ತುರುಕಿ, ಒಂದು ಮೊಲವನ್ನು ಕಾವಲಿಗಿಟ್ಟಿತು.

"ಇದು ಇನ್ನೊಮ್ಮೆ ಕೂಗಿದರೆ ನಿನ್ನ ಕುತ್ತಿಗೆ ಮುರೀತೀನಿ."

ಸಂಜೆ ಹೊಳೆ ಮತ್ತೆ ಏರತೊಡಗಿತು.

"ಮೊಲಣ್ಣ, ನೀರು ಬರ್ತಿದೆ. ಕೂಗಲೇ? ಹೋಗೋದು ನಿನ್ನ ಕುತ್ತಿಗೆ, ಅದಕ್ಕೇ ಕೇಳ್ತಿದ್ದೀನಿ."

"ಬೇಡ ಮಾರಾಯ್ತಿ, ಬೇಡ!"

"ದಂಡೆಯಲ್ಲಿ ಆಡ್ತಿರೋ ಆ ಮರಿಗಳು ಯಾರವು?"

ಮೊಲ ದಂಡೆಯತ್ತ ತಿರುಗಿ ನೋಡಿತು. ಅವು ಅದರದ್ದೇ ಮರಿಗಳು.

ಮೊಲ ಕೂಳಿಯನ್ನು ಕಡಿದು ಹಾಕಿತು. ಹಕ್ಕಿ ದಂಡೆಯುದ್ದಕ್ಕೂ ಕೂಗುತ್ತಾ ಹಾರಿತು, ಎಲ್ಲವೂ ದಿಬ್ಬಕ್ಕೆ ನುಗ್ಗಿದವು, ನರಿ ಬಾಲ ಮುದುರಿ ಓಡಿತು.

ಈ ಕೊನೆ ಮಾತ್ರ ನಾನು ಹೊಸೆದದ್ದು, ಬೈಬೇಡಿ. ನಿಜಕ್ಕೆ ಮೊಲ ಇನ್ನೂ "ಬೇಡ, ಬೇಡ" ಅಂತ ಕೂಳಿ ಕಾಯ್ತಾನೇ ಇದೆ. ಮರಿಗಳ ಕಾಲಿಗೆ ನೀರು ತಾಗಿದೆ.